ಪಳೆಯುಳಿಕೆ ಎಂಬ ಮಾತು ಕಲಿತ ವರ್ಷ

ಹೋದ ತಿಂಗಳು ಸಾಗರದಿಂದ ಬರುವಾಗ ಬಸ್ಸು ಹೊಸನಗರದಲ್ಲಿ ಕಾಲು ಗಂಟೆ ನಿಂತಿತಲ್ಲ, ನೀವಿಬ್ಬರೂ ಇಳಿದು ಚಿಪ್ಸ್ ತರಲು ಹೋದಿರಿ. ನಾನು ಕಿಟಕಿಯ ಪಕ್ಕ ಕುಳಿತೇ ಇದ್ದೆ. ಎಲ್ಲಿಂದಲೋ ಆಗತಾನೇ ಬೀಸಿದ ರಾಗಿ ಹಿಟ್ಟಿನ ಬಿಸಿ ವಾಸನೆ ಬಂತು. ನೀವು ವಾಪಸು ಬಂದಾಗ ನಾನು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಧೂಳು ಅಂದೆ. ಧೂಳಲ್ಲ.

ನಿಮ್ಮ ಅಜ್ಜ ತೀರಿಕೊಂಡ ವರ್ಷ ನಾನು ಆ ವಾಸನೆಯಲ್ಲಿಯೇ ಬದುಕಿದ್ದೆ. ಆಗ ನಮ್ಮ ಮನೆ ಹೊಸನಗರದಲ್ಲಿ, ಒಂದು ಹಿಟ್ಟಿನ ಗಿರಣಿಯ ಹಿಂದೆ. ಎರಡು ಕೋಣೆ, ಒಂದು ಬಚ್ಚಲು, ಬಾಡಿಗೆಗೆ. ಗಿರಣಿ ಶುರುವಾದರೆ ಗೋಡೆಗಳು ನಡುಗುತ್ತಿದ್ದವು. ಎಷ್ಟು ಒರೆಸಿದರೂ ದೇವರ ಪಟಗಳ ಮೇಲೆ ಬಿಳಿ ಪುಡಿ ಕೂರುತ್ತಿತ್ತು. ನಿಮ್ಮ ಅಕ್ಕ ಶ್ರಾವ್ಯ ಆ ವರ್ಷ ನನ್ನ ಜೊತೆಗಿದ್ದಳು. ನೀವು ಬಹಳ ಚಿಕ್ಕವರು, ಒಬ್ಬರಿಗೆ ಆರು, ಒಬ್ಬರಿಗೆ ಮೂರು.

ನಿಮ್ಮ ಅಜ್ಜನ ತಮ್ಮ, ಸಾಗರದ ಅಜ್ಜನ ಮನೆಯ ಉಪನಯನದಲ್ಲಿ ಅವರ ಮೊಮ್ಮಗ ಪ್ರಸಾದ ಏನೆಂದ, ನೆನಪಿದೆಯಲ್ಲ? ಶ್ರಾವ್ಯ ಜಗುಲಿ ಹತ್ತಿದ ಕೂಡಲೇ, "ದೇವರ ಕೋಣೆ ಬಾಗಿಲು ಹಾಕ್ರೋ, ಸಾಲಿಗ್ರಾಮದ ಕಳ್ಳಿ ಬಂದ್ಲು!" ಎಂದು ಕೂಗಿದ. ಎಲ್ಲರೂ ನಕ್ಕರು. ನೀವೂ ನಕ್ಕಿರಿ. ಅವಳೂ ನಕ್ಕಳು. ಒಂಬತ್ತು ವರ್ಷದಿಂದ ಈ ತಮಾಷೆ ಹೀಗೇ ನಡೆದಿದೆ. ಆದರೆ ಅಂದು ಊಟದ ಪಂಕ್ತಿಯಲ್ಲಿ ಅವಳ ಅತ್ತೆಯಾಗುವವರು ನನ್ನ ಪಕ್ಕ ಕುಳಿತಿದ್ದರು. ಕೋಸಂಬರಿ ಬಡಿಸಿಕೊಳ್ಳುತ್ತಾ ಅವರು ಕೇಳಿದರು, "ಹೌದನಾ ಅಮ್ಮ, ನಿಮ್ಮ ಮೊಮ್ಮಗಳು ದೇವ್ರನ್ನೇ ಕದ್ದು ಶಾಲೆಗೆ ಒಯ್ದಿದ್ಲಂತೆ? ಬಾಳ ಧೈರ್ಯದ ಹುಡ್ಗಿ!" ಅವರೂ ನಗುತ್ತಲೇ ಕೇಳಿದರು. ಆದರೆ ನಕ್ಕು ಮುಗಿದ ಮೇಲೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಎಲೆಯ ಮೇಲಿನ ಉಪ್ಪನ್ನು ಬೆರಳಿನಿಂದ ಸರಿಸುತ್ತಾ ಕುಳಿತೆ.

ನಾಲ್ಕು ಜನರ ನಡುವೆ ನನಗೆ ಬಾಯಿ ಬರುವುದಿಲ್ಲ. ಓದಿದ್ದು ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ಬರೆಯಲು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಸಾಲಿಗ್ರಾಮವನ್ನು ಶ್ರಾವ್ಯ ಕದಿಯಲಿಲ್ಲ. ನಾನು ಕೊಟ್ಟೆ.

ನಿಮ್ಮ ಅಜ್ಜ ಮದುವೆ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದರು. ತೀರ್ಥಹಳ್ಳಿ, ಕೋಣಂದೂರು, ಸಾಗರ, ಹೊಳೆಯಾಚೆಯ ತುಮರಿ, ಎಲ್ಲಿಂದ ಕರೆ ಬಂದರೂ ಹೋಗುತ್ತಿದ್ದರು. ಹೋಗುವಾಗ ಸೌಟು, ಜಾಲರಿಗಳ ಚೀಲದ ಜೊತೆ ಒಂದು ಹಿತ್ತಾಳೆಯ ಭರಣಿಯೂ ಹೋಗುತ್ತಿತ್ತು. ಅದರೊಳಗೆ ನಮ್ಮ ಮನೆಯ ಸಾಲಿಗ್ರಾಮ. ಸಾಲಿಗ್ರಾಮ ಇರುವ ಮನೆಯಲ್ಲಿ ಪೂಜೆ ಒಂದು ದಿನವೂ ತಪ್ಪಬಾರದು ಎಂಬುದು ನಮ್ಮ ಕಡೆಯ ಕಟ್ಟಳೆ. ಇನ್ನೊಂದು ಕಟ್ಟಳೆ, ಹೆಂಗಸರು ಅದನ್ನು ಮುಟ್ಟಬಾರದು. ನಲವತ್ತೊಂದು ವರ್ಷ ನಾನು ಹೂ ಕೊಯ್ದೆ, ದೇವರ ಪಾತ್ರೆ ಬೆಳಗಿದೆ, ನೈವೇದ್ಯಕ್ಕೆ ಅನ್ನ ಮಾಡಿದೆ. ಅದನ್ನು ಮುಟ್ಟಿರಲಿಲ್ಲ. ಕೋಳಿಮೊಟ್ಟೆಗಿಂತ ತುಸು ದೊಡ್ಡದಾದ ಕರಿಯ ಕಲ್ಲು, ಒಂದು ಕಡೆ ಬಾಯಿಯಂಥ ತೂತು ಎಂದಷ್ಟೇ ಗೊತ್ತಿತ್ತು.

ಅಜ್ಜ ವೈಶಾಖದಲ್ಲಿ ಹೋದರು. ಒಂದು ಮದುವೆ ಮನೆಯಲ್ಲಿ ಒಲೆಯ ಮುಂದೆ ಕುಳಿತವರು ಹಾಗೇ ಒರಗಿದರಂತೆ. ಚೀಲ ಮತ್ತು ಭರಣಿಯನ್ನು ಯಾರೋ ಜೀಪಿನಲ್ಲಿ ಮನೆಗೆ ತಂದುಕೊಟ್ಟರು. ಹದಿನಾಲ್ಕನೆಯ ದಿನ, ನೆಂಟರೆಲ್ಲ ಹೊರಟ ಮೇಲೆ, ಸಾಗರದ ಅಜ್ಜ ಭರಣಿಯ ಮುಂದೆ ಕುಳಿತರು. ನಮಗೆ ಗಂಡುಮಕ್ಕಳಿಲ್ಲ. ನಿಯಮದಂತೆ ಅದು ತಮ್ಮನಾದ ಅವರ ಮನೆಗೆ ಹೋಗಬೇಕು.

"ಅತ್ತಿಗೇ, ನಂಗೆ ಇದನ್ನ ಸುಧಾರಿಸೋಕೆ ಆಗಲ್ಲ," ಎಂದರು. "ಮೊಮ್ಮಕ್ಕಳಿರೋ ಮನೆ, ಮಡಿ ಮೈಲಿಗೆ ಯಾರು ನೋಡ್ತಾರೆ? ಒಂದಿನ ತಪ್ಪಿದ್ರೂ ದೋಷ. ವರ್ಷದ ತಿಥಿ ಆಗ್ಲಿ, ಆಮೇಲೆ ತುಂಗೆಗೆ ಬಿಡಣ. ಅಲ್ಲಿವರೆಗೆ ಇಲ್ಲೇ ಅಕ್ಕಿಲಿ ಹುಗಿದಿಡ್ತೀನಿ. ಧಾನ್ಯದಲ್ಲಿ ಮಲಗಿದ್ರೆ ಪೂಜೆ ಇಲ್ದಿದ್ರೂ ಅಡ್ಡಿಲ್ಲ."

ಅವರೇ ಮಡಿಯುಟ್ಟು ಒಂದು ಡಬ್ಬಿ ತುಂಬ ಅಕ್ಕಿ ಹಾಕಿ, ಭರಣಿಯಿಂದ ಸಾಲಿಗ್ರಾಮ ತೆಗೆದು ಅದರ ನಡುವೆ ಹುಗಿದು ಮುಚ್ಚಳ ಒತ್ತಿದರು. ಜೂನ್ ತಿಂಗಳಲ್ಲಿ ನಿಮ್ಮ ಅಮ್ಮ ಶ್ರಾವ್ಯಳನ್ನು ತಂದು ಬಿಟ್ಟಳು. ಒಂಬತ್ತನೆಯ ತರಗತಿಗೆ ಹೊಸನಗರದಲ್ಲೇ ಸೇರಿಸಿದೆವು. ನನಗೆ ಜೊತೆಯಾಗಲಿ ಎಂದು.

ಜೊತೆಯಾದಳು ಎಂದರೆ ಕಡಿಮೆಯಾಯಿತು. ನಾನು ಆಗ ದಿನಗಟ್ಟಲೆ ಮಾತಾಡುತ್ತಿರಲಿಲ್ಲ. ಬೆಳಿಗ್ಗೆ ಏಳುವುದು, ಅನ್ನ ಮಾಡುವುದು, ಅವಳ ಡಬ್ಬಿ ತುಂಬುವುದು, ಅವಳು ಬರುವವರೆಗೆ ಗಿರಣಿಯ ಸದ್ದು ಕೇಳುತ್ತಾ ಕೂರುವುದು. ಸಂಜೆ ಅವಳು ಬಂದು ಚೀಲ ಎಸೆದು, "ಅಜ್ಜಿ, ನೀನು ಇವತ್ತು ಎಷ್ಟು ಮಾತಾಡ್ದೆ, ಹೇಳು. ಹತ್ತಕ್ಕಿಂತ ಕಮ್ಮಿ ಆದ್ರೆ ನಂಗೆ ಕಾಪಿ ಬ್ಯಾಡ," ಎನ್ನುತ್ತಿದ್ದಳು. "ಬಾ, ಕೈಕಾಲು ತೊಳಿ" ಎಂದರೆ ಬೆರಳು ಮಡಚಿ, "ಮೂರಾತು" ಎನ್ನುತ್ತಿದ್ದಳು.

ಆಷಾಢದ ಕೊನೆಯಲ್ಲಿ ಒಂದು ದಿನ ಆ ಅಕ್ಕಿ ಡಬ್ಬಿಯ ಹೊರಗೆ ಒಂದು ಹುಳ ಹರಿದಾಡುವುದನ್ನು ಕಂಡೆ. ಆ ವರ್ಷದ ಮಳೆಗೆ ಉಪ್ಪು ನೀರಾಗಿತ್ತು, ಬೆಂಕಿಪೊಟ್ಟಣ ಹತ್ತುತ್ತಿರಲಿಲ್ಲ. ಅಕ್ಕಿಗೆ ಹುಳ ಬೀಳುವುದೇನು ದೊಡ್ಡದಲ್ಲ. ಆದರೂ ಮುಚ್ಚಳ ತೆಗೆದೆ. ಅಕ್ಕಿಯೆಲ್ಲ ಗಂಟುಗಂಟಾಗಿ ಬಲೆ ಕಟ್ಟಿತ್ತು. ಕೈ ಹಾಕಿ ಸರಿಸಿದರೆ ಸಾಲಿಗ್ರಾಮ ಕಾಣಿಸಿತು. ಅದರ ಬಾಯಿಯಿಂದ ಸಣ್ಣ ಕರಿ ಹುಳಗಳು ಹೊರಗೆ ಬರುತ್ತಿದ್ದವು, ಒಳಗೆ ಹೋಗುತ್ತಿದ್ದವು.

ಸಾಗರಕ್ಕೆ ಫೋನ್ ಮಾಡಬಹುದಿತ್ತು. ಯಾರಾದರೂ ಪುರೋಹಿತರನ್ನು ಕರೆಯಬಹುದಿತ್ತು. ನನಗೆ ಅದ್ಯಾವುದೂ ಹೊಳೆಯಲಿಲ್ಲ. ನಲವತ್ತೊಂದು ವರ್ಷ ಇವರು ಒರೆಸಿ ಒರೆಸಿ ಇಟ್ಟಿದ್ದ ಕಲ್ಲು ಅದು. ಸೀದಾ ಎತ್ತಿ ಬಚ್ಚಲಿಗೆ ಒಯ್ದು ಬಿಸಿನೀರು ಹೊಯ್ದೆ. ಹತ್ತಿ ಸುತ್ತಿದ ಕಡ್ಡಿಯಿಂದ ಒಳಗೆಲ್ಲ ತೆಗೆದೆ. ತಲೆಯೆತ್ತಿದರೆ ಬಾಗಿಲಲ್ಲಿ ಶ್ರಾವ್ಯ. ಶಾಲೆಗೆ ಮಳೆರಜೆ ಕೊಟ್ಟಿದ್ದರಂತೆ, ಒದ್ದೆ ಚೀಲ ಹೊತ್ತು ನಿಂತಿದ್ದಳು.

"ಅಜ್ಜಿ, ನೀನು ಮುಟ್ಬೋದಾ?"

"ಇಲ್ಲ."

"ಮತ್ತೆ?"

"ಹುಳ ಆಗಿತ್ತು ಕಣೆ."

ಅವಳು ಚೀಲ ಕೆಳಗಿಟ್ಟು, "ಯಾರಿಗೂ ಹೇಳಲ್ಲ ತಗ," ಎಂದಳು.

ಆಮೇಲೆ ಅದನ್ನು ಮತ್ತೆ ಅಕ್ಕಿಯಲ್ಲಿ ಹುಗಿಯಲು ನನಗೆ ಮನಸ್ಸಾಗಲಿಲ್ಲ. ಭರಣಿಯಲ್ಲಿಟ್ಟೆ. ಮರುದಿನ ಸ್ನಾನವಾದ ಮೇಲೆ ಒಂದು ಉದ್ಧರಣೆ ನೀರು ಹಾಕಿದೆ. ಅದರ ಮರುದಿನ ತುಳಸಿ, ಗಂಧ. ಮಂತ್ರ ಬರುವುದಿಲ್ಲ. ಇವರು ಹೇಳುತ್ತಿದ್ದ ಹಾಗೆ ತುಟಿ ಆಡಿಸುತ್ತಿದ್ದೆ. ಭಕ್ತಿಯೆಂದು ಹೇಳಿದರೆ ಸುಳ್ಳಾದೀತು. ಆ ಹೊತ್ತಿಗೆ ಇವರ ಕೈ ಮಾಡುತ್ತಿದ್ದುದನ್ನು ನನ್ನ ಕೈ ಮಾಡುತ್ತಿತ್ತು. ದಿನಕ್ಕೆ ಐದು ನಿಮಿಷ ನಾನು ವಿಧವೆ ಎಂಬುದು ಮರೆಯುತ್ತಿತ್ತು.

ಇನ್ನು ಪಳೆಯುಳಿಕೆಯ ವಿಷಯ. ಈ ಮಾತನ್ನು ನಾನು ಮೊದಲು ಕೇಳಿದ್ದು ಸಾಗರದಲ್ಲಿ, ಅದೂ ನನ್ನ ಬಗ್ಗೆಯೇ. ನವರಾತ್ರಿಗೆ ಹೋದಾಗ ಎಲ್ಲರೂ ಮೇಜಿನ ಮುಂದೆ ಊಟಕ್ಕೆ ಕುಳಿತರು. ನಾನು ಅಭ್ಯಾಸದಂತೆ ಮೂಲೆಯಲ್ಲಿ ಎಲೆ ಹಾಕಿಕೊಂಡೆ. ಆ ಮನೆಯ ಸೊಸೆ ಒಳಗೆ ಯಾರಿಗೋ, "ನಮ್ಮ ದೊಡ್ಡತ್ತೆ ಒಂದು ಪಳೆಯುಳಿಕೆ, ಏನ್ ಮಾಡಿದ್ರೂ ಬದಲಾಗಲ್ಲ," ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಉಳಿಕೆ ಎಂದರೆ ಮಿಕ್ಕಿದ್ದು ಎಂದು ಗೊತ್ತಿತ್ತು. ನಿನ್ನೆಯ ಅನ್ನ ಮಿಕ್ಕಿದ ಹಾಗೆ ಎಂದುಕೊಂಡೆ.

ಮನೆಗೆ ಬಂದು ಶ್ರಾವ್ಯಳನ್ನು ಕೇಳಿದೆ. "ಹೋ, ಅದು ನಮ್ಮ ವಿಜ್ಞಾನದ ಪುಸ್ತಕದಲ್ಲಿದೆ," ಎಂದು ಪುಸ್ತಕ ತಂದು ನನ್ನ ಪಕ್ಕ ಕುಳಿತಳು. ಪಳೆ ಎಂದರೆ ಹಳೆಯದು. ಹಿಂದೆ ಯಾವುದೋ ಕಾಲದಲ್ಲಿ ಬದುಕಿದ್ದ ಪ್ರಾಣಿಯೋ ಗಿಡವೋ ಸತ್ತು ಕೆಸರಿನಲ್ಲಿ ಹೂತುಹೋಗುತ್ತದೆ. ಮೆತ್ತಗಿನದ್ದೆಲ್ಲ ಕೊಳೆತು ಹೋಗುತ್ತದೆ. ಗಟ್ಟಿ ಇದ್ದದ್ದು ನಿಧಾನವಾಗಿ ಕಲ್ಲಾಗುತ್ತದೆ. ಜೀವಾಶ್ಮ ಎಂದೂ ಹೇಳುತ್ತಾರಂತೆ, ಅಶ್ಮ ಎಂದರೆ ಕಲ್ಲು. ಪುಸ್ತಕದಲ್ಲಿ ಸುರುಳಿ ಸುತ್ತಿದ ಚಿಪ್ಪಿನ ಚಿತ್ರವಿತ್ತು. ಅದನ್ನು ನೋಡುತ್ತಿದ್ದವಳು ಸರಕ್ಕನೆ ಎದ್ದು ಟಾರ್ಚ್ ತಂದಳು.

"ಅಜ್ಜಿ, ಭರಣಿ ತೆಗಿ. ಒಳಗೆ ನೋಡಣ."

ನಾನೇ ಹಿಡಿದುಕೊಂಡೆ, ಅವಳು ಬಾಯಿಗೆ ಬೆಳಕು ಬಿಟ್ಟಳು. ಒಳಗೆ ಎರಡು ಸುರುಳಿ, ಅಂಚಿನಲ್ಲಿ ಹಲ್ಲುಹಲ್ಲಾಗಿ ಗೀರು. ಚಕ್ರ ಎಂದು ಇವರು ಹೇಳುತ್ತಿದ್ದುದು ಅದನ್ನೇ. ನಾನು ನೋಡಿದ್ದು ಅಂದೇ ಮೊದಲು.

"ಇದು ಸಮುದ್ರದಲ್ಲಿತ್ತು ಅಜ್ಜಿ. ಶಂಖದ ಹುಳದ ತರ ಒಂದು ಪ್ರಾಣಿ. ಹಿಮಾಲಯ ಇರೋ ಜಾಗ ಮೊದ್ಲು ಸಮುದ್ರ ಆಗಿತ್ತಂತೆ. ಈಗ ಅಲ್ಲಿ ಹೊಳೇಲಿ ಸಿಗುತ್ತೆ."

"ಜೀವ ಇತ್ತಾ ಇದಕ್ಕೆ?"

"ಇತ್ತು. ತಿಂತಿತ್ತು, ಈಜ್ತಿತ್ತು."

ಇದು ದೇವರಲ್ಲ, ಸತ್ತ ಹುಳ ಎಂದು ಗೊತ್ತಾದರೆ ಭಕ್ತಿ ಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗಾಗಲಿಲ್ಲ. ಅಲ್ಲಿಯವರೆಗೆ ಹೆದರಿ ಮುಟ್ಟುತ್ತಿದ್ದೆ. ಅಂದಿನಿಂದ ಒಂದು ಮರುಕ ಬಂತು. ಪಾಪದ ಜೀವ, ಎಲ್ಲಿಯ ಸಮುದ್ರ, ಎಲ್ಲಿಯ ಗಿರಣಿಯ ಹಿಂದಿನ ಮನೆ. ಅಂಗೈಯಲ್ಲಿ ಇನ್ನೂ ಸ್ವಲ್ಪ ಹೊತ್ತು ಇಟ್ಟುಕೊಳ್ಳತೊಡಗಿದೆ. ಆ ಮಾತನ್ನು ಜನ ಹೇಗೆ ಬಳಸುತ್ತಾರೆ ಎಂದೂ ಗಮನಿಸತೊಡಗಿದೆ. ಪೇಪರಿನಲ್ಲಿ, ಯಾವುದೋ ಹಳೆಯ ಕಾನೂನು ಪಳೆಯುಳಿಕೆ. ಗಿರಣಿಯವರ ಸ್ಕೂಟರು ಪಳೆಯುಳಿಕೆ. ಬೇಡವಾದದ್ದಕ್ಕೆ, ನಗುವುದಕ್ಕೆ ಮಾತ್ರ ಆ ಮಾತು. ಒಂದು ಕಾಲಕ್ಕೆ ಜೀವ ಇದ್ದದ್ದು ಎಂದು ನೆನೆದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ, ಶ್ರಾವ್ಯಳ ಬಾಯಲ್ಲಿ ಬಿಟ್ಟರೆ.

ಡಿಸೆಂಬರಿನಲ್ಲಿ ಅವಳ ಶಾಲೆಯಲ್ಲಿ ವಿಜ್ಞಾನದ ವಸ್ತು ಪ್ರದರ್ಶನ. ಎರಡು ದಿನ ನನ್ನ ಸುತ್ತ ಸುಳಿದಳು. ಕೊನೆಗೆ ಕೇಳಿಯೇಬಿಟ್ಟಳು.

"ಒಂದೇ ದಿನ ಅಜ್ಜಿ. ಬೇರೆಯವ್ರೆಲ್ಲ ಥರ್ಮಾಕೋಲ್ ಜ್ವಾಲಾಮುಖಿ ಮಾಡ್ತಾರೆ. ನಿಜವಾದ್ದು ಯಾರ ಹತ್ರಾನೂ ಇಲ್ಲ. ಯಾರಿಗೂ ಮುಟ್ಟೋಕೆ ಬಿಡಲ್ಲ, ಆಣೆ."

ಇಲ್ಲ ಎನ್ನಬೇಕಿತ್ತು. ಆದರೆ ಇನ್ನು ಐದು ತಿಂಗಳಿಗೆ ಅದು ಹೊಳೆಗೆ ಹೋಗುವ ವಸ್ತು. ಅಷ್ಟರೊಳಗೆ ಒಂದು ದಿನ ನಾಲ್ಕು ಜನ ಅದರ ಒಳಗನ್ನು ನೋಡಲಿ ಎಂದು ನನಗೇ ಆಸೆಯಾಯಿತು. ಬೆಳಿಗ್ಗೆ ಗಂಧ ಹಚ್ಚಿ, ತುಳಸಿ ಇಟ್ಟು, ಹತ್ತಿ ಸುತ್ತಿ ಭರಣಿಯನ್ನು ನನ್ನ ಕೈಯಾರೆ ಅವಳ ಚೀಲಕ್ಕೆ ಹಾಕಿದೆ.

ಮಧ್ಯಾಹ್ನ ನಾನೂ ಹೋದೆ. ಕೋಣೆಯ ಹಿಂದೆ ಗೋಡೆಗೆ ಒತ್ತಿ ನಿಂತೆ. ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಸಾಲಿಗ್ರಾಮ, ಮುಂದೆ ದಪ್ಪ ಅಕ್ಷರದಲ್ಲಿ "ಪಳೆಯುಳಿಕೆ" ಎಂಬ ಚೀಟಿ. ಜನ ಸಾಲಾಗಿ ಬಂದು ಬಗ್ಗಿ ನೋಡುತ್ತಿದ್ದರು. ಮುಂಡಾಸಿನವರೊಬ್ಬರು, "ಹುಳ ಎಲ್ಲಿ ಹೋತು ಹಂಗಾರೆ?" ಎಂದರು.

"ಹುಳ ಹೋತು. ಅದರ ಮನೆ ಕಲ್ಲಾಗಿ ಉಳೀತು," ಎಂದಳು ಶ್ರಾವ್ಯ.

"ನಮ್ಮ ಹೆಡ್‌ಮೇಷ್ಟ್ರ ಬೈಕೂ ಹಂಗೇ, ಇಂಜಿನ್ ಹೋಗಿ ಮನೆ ಉಳಿದೈತೆ," ಎಂದು ಹಿಂದಿನಿಂದ ಯಾರೋ ಅಂದರು. ಹೆಡ್‌ಮೇಷ್ಟ್ರೇ ಮೊದಲು ನಕ್ಕರು. ಅವಳು ಬೆದರಲಿಲ್ಲ, ತಡವರಿಸಲಿಲ್ಲ. ನಮ್ಮ ಮನೆಯ ಹೆಣ್ಣುಮಗಳೊಬ್ಬಳು ಅಷ್ಟು ಜನರ ಮುಂದೆ ಹಾಗೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಮೊದಲ ಬಹುಮಾನ ಅವಳಿಗೇ ಬಂತು, ಜಿಲ್ಲೆಯ ಪ್ರದರ್ಶನಕ್ಕೂ ಆರಿಸಿದರು. ಮೇಷ್ಟ್ರು ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರು.

ಆ ಫೋಟೋ ಸಂಜೆಯೊಳಗೆ ಸಾಗರ ಮುಟ್ಟಿತು. ಮಾರನೆಯ ದಿನ ಭಾನುವಾರ, ಮೊದಲ ಬಸ್ಸಿಗೇ ಸಾಗರದ ಅಜ್ಜ ಬಂದರು. ನಾನು ಅಡುಗೆಮನೆಯಲ್ಲಿ ಕಾಫಿಗೆ ನೀರಿಟ್ಟಿದ್ದೆ. ಹೊರಕೋಣೆಯಲ್ಲಿ ಹಾಸಿಗೆ ಸುತ್ತಿಟ್ಟು ನೆಲ ಗುಡಿಸಿ ಆಗಿತ್ತು, ಅಲ್ಲಿ ಶ್ರಾವ್ಯ ಒಬ್ಬಳೇ ಇದ್ದಳು. ಅವರು ಚಪ್ಪಲಿ ಬಿಟ್ಟವರೇ ದೇವರ ಪಟಗಳ ಮುಂದಿದ್ದ ಭರಣಿ ತೆರೆದರು. ನಾನು ಅಂದು ಬೆಳಿಗ್ಗೆ ಇಟ್ಟ ತುಳಸಿ ಅದರಲ್ಲಿತ್ತು, ಗಂಧ ಇನ್ನೂ ಹಸಿಯಾಗಿತ್ತು. ಅವರು ಅದನ್ನು ನೋಡಿದರು. ತಲೆಯೆತ್ತಿ ಅಡುಗೆಮನೆಯ ಬಾಗಿಲಿನತ್ತ ನೋಡಿದರು. ಬಾಗಿಲ ಸಂದಿಯಲ್ಲಿ ನಾನು ಅವರ ಕಣ್ಣು ಕಂಡೆ. ಅವರಿಗೆ ಗೊತ್ತಾಯಿತೆಂದು ನನಗೂ ಗೊತ್ತಾಯಿತು. ನಾನು ಹಿಂದೆ ಸರಿದೆ.

"ಯಾರು ತೆಗೆದಿದ್ದು ಇದನ್ನ?" ಎಂದು ಕೂಗಿದ್ದು ಕೇಳಿಸಿತು.

"ನಾನು," ಎಂದಳು ಶ್ರಾವ್ಯ.

"ಅಜ್ಜಿ ಕೊಟ್ರಾ?"

"ಇಲ್ಲ. ಅಜ್ಜಿ ಮಲಗಿದ್ಲು. ನಾನೇ ತಗಂಡು ಹೋದೆ. ಅವಳಿಗೆ ಗೊತ್ತೇ ಇಲ್ಲ."

"ನಾಚಿಕೆ ಆಗಲ್ವನೇ ನಿಂಗೆ? ಊರ ಮಂದಿಯೆಲ್ಲ ಮುಟ್ಟಿ, ಅದಕ್ಕೊಂದು ಚೀಟಿ ಬೇರೆ! ನಿಮ್ಮಜ್ಜ ಹೋದ ವರ್ಷಾನೇ ಆಗ್ಬೇಕಿತ್ತಾ ಇದು?"

ಬಹಳ ಕೂಗಾಡಿದರು, ಆದರೆ ಅವಳ ಮೇಲೆ ಕೈ ಮಾಡಲಿಲ್ಲ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು, ತಗ್ಗಿದ ದನಿಯಲ್ಲಿ, ನನ್ನ ಮುಖ ನೋಡದೆ, "ಅತ್ತಿಗೇ, ಮಕ್ಕಳ ಕೈಗೆ ಸಿಗೋ ಹಂಗೆ ಇಡಬಾರದಿತ್ತು ನೀವು," ಎಂದರು.

ನಾನು "ಹೂಂ" ಎಂದೆ.

ಆ "ಹೂಂ" ನನ್ನ ಸುಳ್ಳು. ಅಣ್ಣನ ಹೆಂಡತಿಯನ್ನು ಎದುರಿಗೆ ನಿಲ್ಲಿಸಿ ಕೇಳಲು ಅವರಿಗೆ ಸಂಕೋಚ. ಹೇಳಲು ನನಗೆ ಸಂಕೋಚ. ಇಬ್ಬರ ಮರ್ಯಾದೆಯೂ ಉಳಿಯಿತು.

ವರ್ಷದ ತಿಥಿಗೆ ಕಾಯಲಿಲ್ಲ. ಅದೇ ವಾರ ತೀರ್ಥಹಳ್ಳಿಗೆ ಹೋದೆವು, ಅವರು, ಒಬ್ಬ ಪುರೋಹಿತರು, ನಾನು. ಶ್ರಾವ್ಯಳನ್ನು ಕರೆಯಲಿಲ್ಲ. ಹೊಳೆ ಇಳಿದು ಬಂಡೆಗಳೆಲ್ಲ ಮೇಲೆದ್ದಿದ್ದವು. ಸಾಗರದ ಅಜ್ಜ ಸೊಂಟದವರೆಗಿನ ನೀರಿಗೆ ಇಳಿದು, ಆಳವಿರುವ ಕಡೆ ಕೈ ಮುಳುಗಿಸಿ ಬಿಟ್ಟರು. ನಾನು ಮೆಟ್ಟಿಲ ಮೇಲಿದ್ದೆ. ಒಂದು ಸಲ ಕೈಯಲ್ಲಿ ಕೊಡಿ ಎಂದು ಕೇಳಲೂ ಆಗಲಿಲ್ಲ. ಮುಟ್ಟಿಯೇ ಇಲ್ಲದವಳು ಹೇಗೆ ಕೇಳುವುದು?

ಜಿಲ್ಲೆಯ ಪ್ರದರ್ಶನಕ್ಕೆ ಶ್ರಾವ್ಯ ಹೋಗಲಿಲ್ಲ. ನಿಮ್ಮ ಅಮ್ಮ ಫೋನಿನಲ್ಲಿ ಬೈದಳು. ಪರೀಕ್ಷೆ ಮುಗಿದ ಕೂಡಲೇ ಕರೆದುಕೊಂಡು ಹೋದಳು. ಹತ್ತನೆಯ ತರಗತಿ ಅವಳು ಕೋಣಂದೂರಿನಲ್ಲಿ ಓದಿದಳು. ಮುಂದೆ ವಿಜ್ಞಾನ ತೆಗೆದುಕೊಳ್ಳಲಿಲ್ಲ. ಈಗ ತೀರ್ಥಹಳ್ಳಿಯ ಔಷಧಿ ಅಂಗಡಿಯಲ್ಲಿ ನಿಂತು ಮಾತ್ರೆ ಕೊಡುತ್ತಾಳೆ, ಹೆಚ್ಚು ಮಾತಿಲ್ಲ. ಅವಳು ನನ್ನಂತೆ ಎಂದು ನಿಮ್ಮ ಅಮ್ಮ ಹೇಳುವುದನ್ನು ಕೇಳಿದ್ದೀರಿ. ನನ್ನಂತೆ ಇರಲಿಲ್ಲ ಅವಳು. ನನ್ನ ಮಾತನ್ನು ಬೆರಳು ಮಡಚಿ ಎಣಿಸಿದವಳು, ಆ ಭಾನುವಾರದ ನಂತರ ನನ್ನನ್ನು "ನೀವು" ಎಂದು ಕರೆಯುತ್ತಾಳೆ. ದೊಡ್ಡವಳಾದಳು, ಗೌರವ ಕಲಿತಳು ಎಂದು ಎಲ್ಲರೂ ಮೆಚ್ಚಿದರು.

ಇದರ ಒಂದು ಪ್ರತಿ ಸಾಗರಕ್ಕೆ ಹೋಗುತ್ತದೆ, ಇನ್ನೊಂದು ಅವಳ ಅತ್ತೆಯಾಗುವವರಿಗೆ. ಎದುರಿಗೆ ಹೇಳುವ ಶಕ್ತಿ ನನಗೆ ಬಂದಿಲ್ಲ. ಓದಿ ಹೇಳುವ ಕೆಲಸ ನಿಮ್ಮದು. ಇಷ್ಟು ಬರೆದು ಎಲ್ಲರಿಗಿಂತ ಮೊದಲು ಶ್ರಾವ್ಯಳಿಗೆ ಕೊಟ್ಟೆ. ನಿನ್ನೆ ರಜೆಗೆ ಬಂದಿದ್ದಳಲ್ಲ, ಹಿತ್ತಲ ಬಾಗಿಲಲ್ಲಿ ನಿಂತೇ ಓದಿದಳು. ನಿಧಾನವಾಗಿ ಓದಿದಳು. ಹಾಳೆಗಳನ್ನು ಸರಿಯಾಗಿ ಜೋಡಿಸಿ ನನ್ನ ಕೈಗಿತ್ತಳು.

"ಎಲ್ಲ ಸರಿಯಿದೆ ಅಜ್ಜಿ," ಎಂದಳು. "ಒಂದು ಮಾತ್ರ ತಪ್ಪು ಬರ್ದಿದೀರಿ. ಕೈ ಮಾಡ್ಲಿಲ್ಲ ಅಂತ. ಮಾಡಿದ್ರು. ನೀವು ಒಳಗಿದ್ರಿ."

ಅಷ್ಟು ಹೇಳಿ ಬಟ್ಟೆ ತೆಗೆಯಲು ಅಂಗಳಕ್ಕೆ ಹೋದಳು.

ಆ ಸಾಲನ್ನು ನಾನು ತಿದ್ದಿಲ್ಲ. ಒಂಬತ್ತು ವರ್ಷ ನಾನು ನಂಬಿದ್ದು ಅದು, ಹಾಗೇ ಇರಲಿ. ನೀವು ಓದುವಾಗ ತಿದ್ದಿಕೊಳ್ಳಿ. ಅಂದು ಒಲೆಯ ಮುಂದೆ ನಿಂತಿದ್ದಾಗ ಹೊರಗಿನಿಂದ ನನಗೆ ಒಂದು ಸದ್ದು ಕೇಳಿಸಿತ್ತು. ತಟ್ಟೆ ಬಿದ್ದಿರಬೇಕು ಎಂದುಕೊಂಡಿದ್ದೆ. ಆ ಕೋಣೆಯಲ್ಲಿ ಅಂದು ತಟ್ಟೆ ಇರಲಿಲ್ಲ.